‘ಸೆಡ್‌ಬರ್ಗ್ ಆರ್.ಡಿ.’: 1866ರ ದೀಕ್ಷಾಸ್ನಾನದ ದಾಖಲೆ ಯಾವ ಪ್ಯಾರಿಶ್‌ನಲ್ಲಿ ಹುಡುಕಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಗಂಡ ಇಂಗ್ಲೆಂಡಿನವರು. ಅವರ ಮುತ್ತಜ್ಜಿ ಆಗ್ನೆಸ್ ಅವರ ಜಾಡು ಹಿಡಿದು ಮೂರು ತಿಂಗಳಾಯ್ತು. ಒಂದು ಕಡೆ ಬಂದು ನಿಂತುಬಿಟ್ಟಿದ್ದೇನೆ.

ಕೈಯಲ್ಲಿರುವುದು ಇಷ್ಟು. 1939ರ ರಿಜಿಸ್ಟರಿನಲ್ಲಿ (ಯುದ್ಧ ಶುರುವಾದಾಗ ಸರ್ಕಾರ ಮಾಡಿದ ಜನರ ಪಟ್ಟಿ) ಆಕೆ ವಿಧವೆ, ಹುಟ್ಟಿದ್ದು 1866ರ ಮಾರ್ಚ್. ಪುಟದ ಮೇಲ್ಗಡೆ ‘ಸೆಡ್‌ಬರ್ಗ್ ಆರ್.ಡಿ.’ ಅಂತಿದೆ. 1881ರ ಜನಗಣತಿಯಲ್ಲಿ ಹುಟ್ಟೂರು ‘ಡೆಂಟ್, ಯಾರ್ಕ್‌ಷೈರ್’. 1871ರಲ್ಲಿ ಮಾತ್ರ ‘ಕರ್ಕ್‌ಥ್ವೇಟ್’. ಈಗಿನ ಮ್ಯಾಪಿನಲ್ಲಿ ಸೆಡ್‌ಬರ್ಗ್ ಕಂಬ್ರಿಯಾದಲ್ಲಿದೆ, ಹಾಗಾಗಿ ಕಂಬ್ರಿಯಾ ಅಂತ ಹಾಕಿ ಹುಡುಕಿದೆ. ಏನೂ ಬರಲಿಲ್ಲ. ಡೆಂಟ್ ಚರ್ಚಿನ ದೀಕ್ಷಾಸ್ನಾನದ ಪುಸ್ತಕವನ್ನು 1864ರಿಂದ 1870ರವರೆಗೆ ಒಂದೊಂದೇ ಸಾಲು ನೋಡಿದೆ. ಅಲ್ಲೂ ಇಲ್ಲ. ಕರ್ಕ್‌ಥ್ವೇಟ್ ಅನ್ನುವ ಪ್ಯಾರಿಶ್ (ಚರ್ಚಿನ ಅಥವಾ ಆಡಳಿತದ ಸಣ್ಣ ವಲಯ) ಯಾವ ಪಟ್ಟಿಯಲ್ಲೂ ಕಾಣುತ್ತಿಲ್ಲ. ದಾರಿ ತೋರಿಸಿ.

ಉತ್ತರ 1

ಮೇಡಂ, ಆರ್.ಡಿ. ಅಂದರೆ ರೂರಲ್ ಡಿಸ್ಟ್ರಿಕ್ಟ್, ಹಳ್ಳಿಗಾಡಿನ ಸ್ಥಳೀಯ ಆಡಳಿತದ ವಲಯ. 1894ರ ಕಾನೂನಿನಿಂದ ಹುಟ್ಟಿದ್ದು, 1974ರ ಏಪ್ರಿಲ್ 1ಕ್ಕೆ ರದ್ದಾಯ್ತು. ಸೆಡ್‌ಬರ್ಗ್‌ನದು ತೀರಾ ಚಿಕ್ಕದು. ಸೆಡ್‌ಬರ್ಗ್, ಡೆಂಟ್, ಗಾರ್ಸ್‌ಡೇಲ್ ಅಂತ ಮೂರೇ ಪ್ಯಾರಿಶ್. ನಿಮ್ಮ ಅದೃಷ್ಟ ಅದು, ಕೆಲವು ರೂರಲ್ ಡಿಸ್ಟ್ರಿಕ್ಟ್‌ಗಳಲ್ಲಿ ಮೂವತ್ತು ನಲವತ್ತು ಇರುತ್ತವೆ.

ಮೊದಲು ಕಂಬ್ರಿಯಾ ತೆಗೆದುಹಾಕಿ. 1974ರವರೆಗೆ ಈ ಮೂರೂ ಊರು ಯಾರ್ಕ್‌ಷೈರಿನ ವೆಸ್ಟ್ ರೈಡಿಂಗ್‌ಗೆ ಸೇರಿದ್ದವು. ಜನಗಣತಿಯೆಲ್ಲ ಯಾರ್ಕ್‌ಷೈರ್ ಕೆಳಗೇ ಸಿಗುತ್ತದೆ. ಜನನ ನೋಂದಣಿಯ ಡಿಸ್ಟ್ರಿಕ್ಟ್ ಹೆಸರೂ ಸೆಡ್‌ಬರ್ಗ್ ಅಂತಲೇ. ಸರ್ಕಾರದ ಜಿ.ಆರ್.ಒ. (ಜನನ ಮರಣ ನೋಂದಣಿಯ ಕೇಂದ್ರ ಕಚೇರಿ) ಸೂಚಿಯಲ್ಲಿ ಹುಡುಕಿ, ಅದರಲ್ಲಿ ತಾಯಿಯ ತವರಿನ ಹೆಸರೂ ಬರುತ್ತದೆ.

ಇನ್ನೊಂದು ವಿಷಯ. ನೀವು ಹೇಳುತ್ತಿರುವ ಡೆಂಟ್ ಎರಡು ಇವೆ. ಒಂದು ಸರ್ಕಾರದ ಪ್ಯಾರಿಶ್: ತೆರಿಗೆ, ಗಣತಿ, ಆಡಳಿತಕ್ಕೆ. ಇನ್ನೊಂದು ಚರ್ಚಿನ ಪ್ಯಾರಿಶ್: ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡುವುದಕ್ಕೆ. ಹೆಸರು ಒಂದೇ, ಗಡಿ ಬೇರೆ. ಗಣತಿಯವರು ಡೆಂಟ್ ಅಂದ ಮಾತ್ರಕ್ಕೆ ಡೆಂಟ್ ಚರ್ಚಿನ ಪುಸ್ತಕದಲ್ಲಿ ಇರಬೇಕು ಅಂತೇನಿಲ್ಲ.

ಉತ್ತರ 2

ಕರ್ಕ್‌ಥ್ವೇಟ್ ಹೆಸರು ನೋಡಿ ಬಹಳ ಖುಷಿಯಾಯ್ತು. ನಿಮ್ಮ ಗಂಟು ಬಿಚ್ಚುವುದು ಅಲ್ಲೇ.

ಡೆಂಟ್ ಕಣಿವೆಯ ಮೇಲ್ಭಾಗದಲ್ಲಿ ಕೌಗಿಲ್ ಅಂತ ಒಂದು ಜಾಗ ಇದೆ. ಅಲ್ಲಿನ ಜನಕ್ಕೆ ಡೆಂಟ್ ಚರ್ಚು ದೂರ ಅಂತ 1837ರಲ್ಲಿ ಹೊಸ ಚಿಕ್ಕ ಚರ್ಚು, ಅಂದರೆ ಚಾಪೆಲ್‌ಗೆ ಅಡಿಗಲ್ಲು ಹಾಕಿದರು. ಹಾಕಿದ್ದು ಆಡಮ್ ಸೆಡ್ಜ್‌ವಿಕ್. ಕೇಂಬ್ರಿಡ್ಜ್‌ನ ದೊಡ್ಡ ಭೂವಿಜ್ಞಾನಿ, 1785ರಲ್ಲಿ ಡೆಂಟ್‌ನಲ್ಲೇ ಹುಟ್ಟಿದವರು. 1860ರ ದಶಕದಲ್ಲಿ ಸರ್ಕಾರಿ ಕಾಗದದಲ್ಲಿ ಆ ಚಾಪೆಲ್‌ನ ಹೆಸರು ಕೌಗಿಲ್ ಬದಲು ಕರ್ಕ್‌ಥ್ವೇಟ್ ಆಗಿಬಿಟ್ಟಿತು. ಸೆಡ್ಜ್‌ವಿಕ್‌ಗೆ ಸಹಿಸೋಕಾಗಲಿಲ್ಲ. ಎಂಬತ್ತು ದಾಟಿದ ವಯಸ್ಸಿನಲ್ಲಿ ಕೂತು, 1868ರಲ್ಲಿ ಒಂದು ಮನವಿ ಬರೆದು ಅಚ್ಚು ಹಾಕಿಸಿದರು. 1869ರಲ್ಲಿ ಪಾರ್ಲಿಮೆಂಟಿನಲ್ಲಿ ಕಾಯಿದೆಯೇ ಆಗಿ ಕೌಗಿಲ್ ಹೆಸರು ವಾಪಸ್ ಬಂತು. ಒಂದು ಊರಿನ ಹೆಸರಿಗೆ ಇಷ್ಟು ಹೋರಾಡಿದವರು ಇದ್ದರಲ್ಲ ಅಂತ ನನಗೆ ಅವರ ಮೇಲೆ ತುಂಬ ಗೌರವ.

ನಿಮ್ಮ ಆಗ್ನೆಸ್ ಹುಟ್ಟಿದ್ದು ಸರಿಯಾಗಿ ಆ ನಡುವೆ. ಆದ್ದರಿಂದ ಕೌಗಿಲ್ ಚಾಪೆಲ್‌ನ ಪುಸ್ತಕ ನೋಡಿ. ಕರ್ಕ್‌ಥ್ವೇಟ್ ಅಂತಲೂ ಹುಡುಕಿ, ಮಧ್ಯದ ‘ಕೆ’ ಅಕ್ಷರ ಬಿಟ್ಟು ‘ಕರ್ಥ್ವೇಟ್’ ಅಂತಲೂ ಹುಡುಕಿ. ಈ ಭಾಗದ ಚರ್ಚಿನ ಪುಸ್ತಕಗಳಿಗೆ ಕೆಂಡಲ್‌ನ ದಾಖಲೆ ಕೇಂದ್ರವನ್ನು ಕೇಳಬೇಕು.

ಪ್ರಶ್ನೆ ಕೇಳಿದವರು

ಸಿಕ್ಕಿತು! ಕೌಗಿಲ್, 1866ರ ಏಪ್ರಿಲ್. ಅಪ್ಪನ ಕಸುಬಿನ ಕಾಲಂನಲ್ಲಿ ‘ಮಾರ್ಬಲ್ ಮೇಸನ್’ ಅಂತಿದೆ. ಆ ‘ಮಾ’ ಬರೆದ ಕಡೆ ಶಾಯಿ ಹರಡಿದೆ, ಮೊದಲು ಬೇರೆ ಏನೋ ಅಂತ ಓದಿದೆ. ಸ್ಕ್ರೀನ್ ಮುಂದೆ ಕೂತು ನನ್ನ ಗಂಡ ಮಾತೇ ಆಡಲಿಲ್ಲ. ಈ ಗುಡ್ಡಗಾಡಿನಲ್ಲಿ ಅಮೃತಶಿಲೆ ಎಲ್ಲಿಂದ ಬಂತು?

ಇನ್ನೊಂದು ತೊಂದರೆ. ಆಗ್ನೆಸ್ ಅವರ ತಾಯಿಯ ಕಡೆಯವರು ಸೆಡ್‌ಬರ್ಗ್ ಪಕ್ಕದವರು. 1700ರ ದಶಕದಲ್ಲಿ ಆ ಮನೆಯ ಮಕ್ಕಳಿಗೆ ದೀಕ್ಷಾಸ್ನಾನವೇ ಕಾಣುತ್ತಿಲ್ಲ.

ಉತ್ತರ 2

ಅದು ನಿಜವಾದ ಅಮೃತಶಿಲೆ ಅಲ್ಲ ಮೇಡಂ. ಕಪ್ಪು ಸುಣ್ಣದಕಲ್ಲು. ಕೊಯ್ದು ಪಾಲಿಶ್ ಮಾಡಿದರೆ ಒಳಗಿನ ಪಳೆಯುಳಿಕೆಗಳು ಬೆಳ್ಳಗೆ ಎದ್ದು ಕಾಣುತ್ತವೆ. ಡೆಂಟ್ ಮಾರ್ಬಲ್ ಅಂತ ಹೆಸರಾಗಿತ್ತು. ಕೌಗಿಲ್‌ಗೆ ಹತ್ತಿರದ ಆರ್ಟೆನ್ ಗಿಲ್‌ನಲ್ಲಿ ಅದರ ಕೆಲಸ ನಡೆಯುತ್ತಿತ್ತು. ಅಂದರೆ ಅವರಪ್ಪ ಕೆಲಸದ ಜಾಗದ ಹತ್ತಿರವೇ ಇದ್ದಿರಬೇಕು.

ಉತ್ತರ 1

ಸೆಡ್‌ಬರ್ಗ್ ಪಕ್ಕ ಅಂದರೆ ಕ್ವೇಕರ್ (ಇಂಗ್ಲೆಂಡಿನ ಚರ್ಚಿನಿಂದ ಬೇರೆಯಾದ ಒಂದು ಕ್ರೈಸ್ತ ಪಂಥ) ಮನೆತನ ಇರಬಹುದು. ಅಲ್ಲಿಂದ ಸ್ವಲ್ಪವೇ ದೂರದ ಬ್ರಿಗ್‌ಫ್ಲಾಟ್ಸ್‌ನಲ್ಲಿ ಅವರ ಸಭಾಮನೆ ಇದೆ, 1675ರದ್ದು. ಕ್ವೇಕರರು ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುತ್ತಿರಲಿಲ್ಲ, ಹುಟ್ಟಿದ ದಿನವನ್ನು ತಮ್ಮದೇ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ತಿಂಗಳ ಹೆಸರನ್ನೂ ಬರೆಯುತ್ತಿರಲಿಲ್ಲ, ‘ಮೊದಲ ತಿಂಗಳು’, ‘ಎರಡನೇ ತಿಂಗಳು’ ಅಂತ ಅಷ್ಟೆ. ಇಂಗ್ಲೆಂಡಿನಲ್ಲಿ ಕ್ಯಾಲೆಂಡರ್ ಬದಲಾದ 1752ಕ್ಕೆ ಮುಂಚೆ ಮೊದಲ ತಿಂಗಳು ಅಂದರೆ ಮಾರ್ಚ್, ಜನವರಿ ಅಲ್ಲ. ಸುಮ್ನೆ ಜನವರಿ ಅಂತ ಬರೆದುಕೊಂಡರೆ ಇಡೀ ವಂಶವೃಕ್ಷದ ದಿನಾಂಕ ಎರಡು ತಿಂಗಳು ಜರುಗುತ್ತದೆ. ನಾನು ಒಮ್ಮೆ ಆ ತಪ್ಪು ಮಾಡಿ ಹದಿನೈದು ಜನರ ದಿನಾಂಕ ತಿದ್ದಬೇಕಾಯ್ತು.

ಉಯಿಲು ಬೇಕಿದ್ದರೆ ಕೆಂಡಲ್‌ಗೆ ಹೋಗಬೇಡಿ. 1858ಕ್ಕಿಂತ ಹಿಂದಿನ ಈ ಭಾಗದ ಉಯಿಲುಗಳು ಪ್ರೆಸ್ಟನ್‌ನಲ್ಲಿವೆ, ಲ್ಯಾಂಕಾಷೈರ್ ದಾಖಲೆ ಭಂಡಾರದಲ್ಲಿ. ಊರು ಯಾರ್ಕ್‌ಷೈರಿನದ್ದಾದರೂ ಚರ್ಚಿನ ಆಡಳಿತದಲ್ಲಿ ರಿಚ್ಮಂಡ್ ಆರ್ಚ್‌ಡೀಕನರಿ ಅನ್ನುವ ವಿಭಾಗದ ಪಶ್ಚಿಮ ಭಾಗಕ್ಕೆ ಸೇರಿತ್ತು, ಅದಕ್ಕೇ ಹಾಗೆ. ಜಮೀನಿನ ಪತ್ರಗಳಿಗೆ ಮಾತ್ರ ವೇಕ್‌ಫೀಲ್ಡ್. ವೆಸ್ಟ್ ರೈಡಿಂಗ್‌ನ ನೋಂದಣಿ ಕಚೇರಿ 1704ರಿಂದ 1970ರವರೆಗೆ ಅಲ್ಲಿತ್ತು.

ಪ್ರಶ್ನೆ ಕೇಳಿದವರು

ತುಂಬ ಧನ್ಯವಾದ ಸರ್, ಇಬ್ಬರಿಗೂ. ತಾಯಿಯ ಮನೆತನದ ಹೆಸರು ಬ್ರಿಗ್‌ಫ್ಲಾಟ್ಸ್ ಪುಸ್ತಕದಲ್ಲಿ ಇದೆಯಾ ಅಂತ ಈ ವಾರವೇ ನೋಡುತ್ತೇನೆ. ಮುಂದಿನ ತಿಂಗಳು ಕೌಗಿಲ್‌ಗೆ ಹೊರಟಿದ್ದೇವೆ, ಅತ್ತೆಯವರೂ ಬರುತ್ತಿದ್ದಾರೆ.