ಸಹಾಯ ಬೇಕು: ಓಣಿ ಅಂದ್ರೆ ಬೀದಿಯೋ, ಕಿರುದಾರಿಯೋ?

ನಮಸ್ಕಾರ. ನಮ್ಮನೆಯ ಒಂದು ಜಗಳ ಬಿಡಿಸಿಕೊಡಿ. ನಾನು ಧಾರವಾಡದ ಕಡೆಯವನು. ನಮಗೆ ಓಣಿ ಅಂದರೆ ಮನೆಗಳು ಸಾಲಾಗಿರುವ ಬೀದಿ, ಅಲ್ಲಿನ ಜನರೂ ಸೇರಿ. ‘ಓಣಿಯವರೆಲ್ಲ ಬಂದಿದ್ದರು’ ಅಂತೀವಲ್ಲ, ಹಾಗೆ. ಹೆಂಡತಿ ದಕ್ಷಿಣ ಕನ್ನಡದವಳು. ಅವಳ ಓಣಿಯಲ್ಲಿ ಮನೆಯೇ ಇಲ್ಲ! ಎರಡೂ ಕಡೆ ಮಣ್ಣಿನ ದರೆ (ಗೋಡೆಯಂಥ ದಿಬ್ಬ), ನಡುವೆ ಒಬ್ಬರು ನಡೆಯುವಷ್ಟು ದಾರಿ. ಮಳೆಗಾಲದಲ್ಲಿ ಅಲ್ಲೇ ನೀರು ಹರಿಯುತ್ತದಂತೆ.

ಕಿರುದಾರಿಗೆ ಗಲ್ಲಿ, ಸಂದಿ ಅಂತಲೂ ಅಂತಾರೆ. ಗಲ್ಲಿ ಹಿಂದಿ, ಮರಾಠಿ ಕಡೆಯದು. ಬೆಳಗಾವಿಯಲ್ಲಿ ಗಣಪತಿ ಗಲ್ಲಿಯೇ ಇದೆ. ಸಂದಿ ಸಂಸ್ಕೃತದ ಸಂಧಿಯಿಂದ ಬಂದದ್ದು. ಇವೆರಡಕ್ಕೆ ತಕರಾರಿಲ್ಲ.

ಓಣಿಯ ಮೂಲ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಯಾವ ಅರ್ಥ ಮೊದಲಿನದು? ಹಳೆಯ ಶಾಸನಗಳಲ್ಲಿ ಈ ಪದ ಕಂಡಿದ್ದೀರಾ? ತುಳು, ತೆಲುಗಿನಲ್ಲಿ ಇದರ ನಂಟಿನ ಪದ ಇದೆಯಾ? ನಿಮ್ಮೂರಲ್ಲಿ ಏನಂತೀರಿ ಅನ್ನೋದನ್ನೂ ಊರಿನ ಹೆಸರಿನ ಜೊತೆ ಬರೆಯಿರಿ.