ಹಿಂದಿನ ಚಕ್ರದ ಆಕ್ಸಲ್ ಕಚ್ಚಿಕೊಂಡಿದೆ, ನಟ್ ಬಿಚ್ಚಿದರೂ ಹೊರಬರುತ್ತಿಲ್ಲ

ಪ್ರಶ್ನೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಹನ್ನೊಂದು ವರ್ಷದ ಹಳೆಯ 100 ಸಿ.ಸಿ. ಬೈಕ್ ಇದೆ, ಹಿಂದೆ ಡ್ರಮ್ ಬ್ರೇಕ್. ಅಪ್ಪಾಜಿ ದಿನವೂ ಅದರಲ್ಲಿಯೇ ಭದ್ರಾ ನಾಲೆಯ ಏರಿಯ ಮೇಲೆ ಗದ್ದೆಗೆ ಹೋಗಿಬರುತ್ತಾರೆ. ಭತ್ತದ ನಾಟಿಯ ದಿನಗಳಲ್ಲಿ ಹಿಂದಿನ ಚಕ್ರ ಹಬ್‌ವರೆಗೂ ಕೆಸರಿನಲ್ಲಿ ಇಳಿಯುತ್ತದೆ, ಸಂಜೆ ನಾಲೆಯ ನೀರಿನಲ್ಲಿಯೇ ತೊಳೆದು ಮನೆಗೆ ತರುತ್ತಾರೆ. ಬ್ರೇಕ್ ಶೂ ಪೂರ್ತಿ ಸವೆದಿರುವುದರಿಂದ ನಾನೇ ಹೊಸದು ಹಾಕೋಣವೆಂದು ಭಾನುವಾರ ಬೆಳಿಗ್ಗೆ ಡಬಲ್ ಸ್ಟ್ಯಾಂಡ್ ಹಾಕಿ, ನಟ್ ಸಡಿಲವಾಗದಂತೆ ತಡೆಯುವ ಕಾಟರ್ ಪಿನ್ ತೆಗೆದು, ಬ್ರೇಕ್ ರಾಡ್ ಮತ್ತು ಟಾರ್ಕ್ ಆರ್ಮ್ ಕಳಚಿ, ಚಕ್ರದ ನಡುವೆ ಹಾಯ್ದಿರುವ ಆಕ್ಸಲ್ ಎಂಬ ಕಂಬಿಯ ನಟ್ ಬಿಚ್ಚಿದೆ. ನಟ್ ಸುಲಭವಾಗಿ ಬಂದಿತು, ಆದರೆ ಆಕ್ಸಲ್ ಒಂದು ಕೂದಲಿನಷ್ಟೂ ಸರಿಯುತ್ತಿಲ್ಲ. ನಟ್ ಇದ್ದ ಚೈನ್ ಕಡೆಯಿಂದ ಸುತ್ತಿಗೆಯಲ್ಲಿ ಹತ್ತಿಪ್ಪತ್ತು ಪೆಟ್ಟು ಹಾಕಿದೆ. ಆಕ್ಸಲ್ ತುದಿ ಸ್ವಲ್ಪ ಅಗಲವಾಗಿ ಹರಡಿತೇ ಹೊರತು ಒಳಗೆ ಹೋಗಲಿಲ್ಲ. ತುಕ್ಕು ಬಿಡಿಸುವ ಡಬ್ಲ್ಯೂಡಿ-40 ಸ್ಪ್ರೇ ಸಿಂಪಡಿಸಿ ಒಂದು ರಾತ್ರಿ ಬಿಟ್ಟರೂ ಪ್ರಯೋಜನವಾಗಿಲ್ಲ. ಸೋಮವಾರದಿಂದ ಅಪ್ಪಾಜಿ ಬಸ್ಸಿಗೆ ಕಾಯುತ್ತಿದ್ದಾರೆ. ಇನ್ನೂ ದೊಡ್ಡ ಸುತ್ತಿಗೆ ಬಳಸಬಹುದೇ, ಅಥವಾ ಬೇರೆ ದಾರಿಯಿದೆಯೇ, ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಚಿತ್ರದುರ್ಗ)

ದೊಡ್ಡ ಸುತ್ತಿಗೆ ಬೇಡ, ಕೈಯಲ್ಲಿರುವುದನ್ನೂ ಸದ್ಯಕ್ಕೆ ಕೆಳಗಿಡಿ. ಆಕ್ಸಲ್ ಎಲ್ಲಿ ಕಚ್ಚಿಕೊಂಡಿದೆ ಎಂಬುದು ಗೊತ್ತಾಗುವವರೆಗೆ ಹಾಕುವ ಪ್ರತಿ ಪೆಟ್ಟೂ ಬೇರೊಂದು ಭಾಗವನ್ನು ಹಾಳುಮಾಡುತ್ತದೆ. ನಮ್ಮ ಚಿತ್ರದುರ್ಗದ ಕಡೆ ಕೆಂಪು ಧೂಳು ಹೆಚ್ಚು, ನೀರು ಕಡಿಮೆ, ಆದ್ದರಿಂದ ಇಲ್ಲಿ ಚೈನ್ ಬೇಗ ಸವೆಯುತ್ತದೆ, ಆಕ್ಸಲ್ ಕಚ್ಚುವುದು ಅಪರೂಪ. ಗದ್ದೆಯ ಕೆಸರು ಮೆತ್ತಿ ದಿನಗಟ್ಟಲೆ ತೇವ ಉಳಿಯುವ ಗಾಡಿಗಳಲ್ಲಿಯೇ ನಾನು ಇದನ್ನು ಹೆಚ್ಚಾಗಿ ಕಂಡಿರುವುದು.

ಎರಡು ವಿಷಯ ನೋಡಿ ಹೇಳಿ. ಮೊದಲನೆಯದು, ಚಕ್ರದ ಭಾರ ಆಕ್ಸಲ್ ಮೇಲೆ ನೇತಾಡುತ್ತಿದ್ದರೆ ಅದು ಬರೀ ಬಿಗಿತದಿಂದಲೂ ಸರಿಯುವುದಿಲ್ಲ. ಚೈನ್ ಅಡ್ಜಸ್ಟರ್‌ಗಳನ್ನು ಎರಡೂ ಕಡೆ ಸಡಿಲಿಸಿ, ಟೈರಿನ ಕೆಳಗೆ ಹಲಗೆಯೊಂದನ್ನು ತೂರಿಸಿ ಮೆಲ್ಲಗೆ ಎತ್ತಿ ಹಿಡಿದು ನೋಡಿ. ಎರಡನೆಯದು ಮುಖ್ಯ: ಆಕ್ಸಲ್ ತಲೆಗೆ ರಿಂಗ್ ಸ್ಪ್ಯಾನರ್ ಹಾಕಿ ತಿರುಗಿಸಿದಾಗ ಏನೇನು ಅದರೊಂದಿಗೆ ತಿರುಗುತ್ತದೆ?

ಪ್ರಶ್ನೆ ಕೇಳಿದವರು

ಅಣ್ಣ, ನೀವು ಹೇಳಿದಂತೆಯೇ ಮಾಡಿದೆ. ಚಕ್ರವನ್ನು ಎತ್ತಿ ಹಿಡಿದರೂ ಸರಿಯಲಿಲ್ಲ. ತಲೆಯನ್ನು ತಿರುಗಿಸಿದರೆ ಆಕ್ಸಲ್ ತಿರುಗುತ್ತದೆ, ಚಕ್ರ ನಿಂತಲ್ಲಿಯೇ ಇರುತ್ತದೆ, ಆದರೆ ಬ್ರೇಕ್ ಶೂಗಳನ್ನು ಹೊತ್ತು ಡ್ರಮ್ ಮುಚ್ಚಿರುವ ಬ್ರೇಕ್ ಪ್ಲೇಟ್ ಆಕ್ಸಲ್ ಜೊತೆಗೇ ತಿರುಗುತ್ತದೆ. ಪ್ಲೇಟಿನ ನಡುವೆ ಆಕ್ಸಲ್ ಹೊಕ್ಕಿರುವ ಜಾಗದಲ್ಲಿ ಸುಣ್ಣದಂತಹ ಬಿಳಿ ಪುಡಿ, ಅದರ ಸುತ್ತ ಕಂದು ಬಣ್ಣದ ಉಂಗುರ ಕಾಣುತ್ತಿದೆ.

ಉತ್ತರ (ಚಿತ್ರದುರ್ಗ)

ಹಾಗಾದರೆ ಕಳ್ಳ ಸಿಕ್ಕಿಬಿದ್ದಂತೆಯೇ. ಬೇರಿಂಗ್‌ನ ಒಳಬಳೆಯಲ್ಲಿಯೂ ಸ್ವಲ್ಪ ತುಕ್ಕು ಇದ್ದೀತು, ಆದರೆ ಗಟ್ಟಿಯಾಗಿ ಹಿಡಿದಿರುವುದು ಬ್ರೇಕ್ ಪ್ಲೇಟ್. ಪ್ಲೇಟ್ ಅಲ್ಯೂಮಿನಿಯಂನದು, ಆಕ್ಸಲ್ ಉಕ್ಕಿನದು. ಇವೆರಡೂ ತೇವದಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ತಿನ್ನಿಸಿಕೊಂಡು ಬಿಳಿ ಪುಡಿಯಾಗುತ್ತದೆ, ಉಕ್ಕಿನ ಮೇಲೆ ತುಕ್ಕು ಏಳುತ್ತದೆ. ಎರಡೂ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ರಂಧ್ರದೊಳಗಿನ ಸಂದು ಬೆಣೆ ಹೊಡೆದಂತೆ ಬಿಗಿದುಕೊಳ್ಳುತ್ತದೆ. ಚೈನ್ ಕಡೆಯಿಂದ ನೀವು ಬಡಿದ ಪೆಟ್ಟೆಲ್ಲ ಪ್ಲೇಟಿನ ಮೂಲಕ, ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ಗೆ ಹೋಗಿದೆ, ಹೀಗೆ ಮುಂದುವರಿದಿದ್ದರೆ ರಂಧ್ರದ ಸುತ್ತ ಪ್ಲೇಟ್ ಸೀಳುವ ಅಪಾಯವಿತ್ತು.

ಈಗ ಕಳಚಿರುವ ಟಾರ್ಕ್ ಆರ್ಮ್ ಅನ್ನು ಮತ್ತೆ ಕೂರಿಸಿ ಬೋಲ್ಟ್ ಬಿಗಿಮಾಡಿ. ಎಲ್ಲರೂ ಮೊದಲು ಅದನ್ನೇ ಕಳಚುತ್ತಾರೆ, ಆದರೆ ನಿಮ್ಮ ಕೆಲಸಕ್ಕೆ ಅದು ಬೇಕು. ಬ್ರೇಕ್ ಹಾಕಿದಾಗ ಪ್ಲೇಟ್ ಚಕ್ರದೊಂದಿಗೆ ಸುತ್ತದಂತೆ ತಡೆಯುವ ಆರ್ಮ್, ನೀವು ಆಕ್ಸಲ್ ತಿರುಚುವಾಗಲೂ ಪ್ಲೇಟನ್ನು ಅಲುಗಾಡದಂತೆ ಹಿಡಿದುಕೊಳ್ಳುತ್ತದೆ. ನಿಮ್ಮ ಬಲವೆಲ್ಲ ತುಕ್ಕನ್ನು ಮುರಿಯುವುದಕ್ಕೆ ಹೋಗುತ್ತದೆ. ತುಕ್ಕಿನ ಹಿಡಿತ ನೇರ ಪೆಟ್ಟಿಗಿಂತ ತಿರುಚುವಿಕೆಗೆ ಬೇಗ ಸೋಲುತ್ತದೆ.

ಅದಕ್ಕೆ ಮುಂಚೆ ಬಿಸಿ ಕೊಡಬೇಕು. ಗ್ಯಾಸ್ ಟಾರ್ಚ್ ಬೇಡ, ಕುದಿಯುವ ನೀರು ಸಾಕು. ಪ್ಲೇಟಿನ ನಡುಭಾಗಕ್ಕೆ ಹಳೆಯ ಬಟ್ಟೆ ಸುತ್ತಿ, ಚೊಂಬಿನಿಂದ ನಿಧಾನವಾಗಿ ಐದು ನಿಮಿಷ ಸುರಿಯಿರಿ. ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 12 ಮಿ.ಮೀ. ರಂಧ್ರ 70 ಡಿಗ್ರಿಯಷ್ಟು ಬಿಸಿಯೇರಿದರೆ 0.02 ಮಿ.ಮೀ.ನಷ್ಟು ಅಗಲವಾಗುತ್ತದೆ. ಕೇಳುವುದಕ್ಕೆ ಏನೂ ಅಲ್ಲವೆನ್ನಿಸಿದರೂ, ಎಣ್ಣೆ ಒಳಗೆ ಹರಿಯುವುದಕ್ಕೆ ಅಷ್ಟು ಬಿರುಕು ಬೇಕಾದಷ್ಟಾಯಿತು. ನೀರು ಒಣಗಿದ ಮೇಲೆ, ಪ್ಲೇಟ್ ಬೆಚ್ಚಗಿರುವಾಗಲೇ, ತುಕ್ಕು ಬಿಡಿಸುವ ಎಣ್ಣೆಯನ್ನು ಸಿರಿಂಜಿನಲ್ಲಿ ನಾಲ್ಕೈದು ಹನಿ ಮಾತ್ರ ಬಿಡಿ. ಸ್ಪ್ರೇ ಹೊಡೆದರೆ ಅದು ಆಕ್ಸಲ್ ಗುಂಟ ಹರಿದು ಡ್ರಮ್‌ನೊಳಗೆ ಇಳಿಯುತ್ತದೆ. ಈಗಾಗಲೇ ಸಿಂಪಡಿಸಿರುವುದರಿಂದ ಹೊಸ ಶೂ ಹಾಕುವ ಮುನ್ನ ಡ್ರಮ್ ಒಳಮೈಯನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಲೇಬೇಕು. ಎಣ್ಣೆ ತಾಗಿದ ಬ್ರೇಕನ್ನು ನಂಬಿ ಅಪ್ಪಾಜಿಯವರನ್ನು ನಾಲೆ ಏರಿಯ ಮೇಲೆ ಕಳುಹಿಸಬೇಡಿ.

ಬಿಸಿ, ಎಣ್ಣೆ, ತಿರುಚು: ಮತ್ತೆ ಮತ್ತೆ ಇದೇ. ಸ್ಪ್ಯಾನರ್‌ಗೆ ಒಂದೂವರೆ ಅಡಿಯ ಪೈಪ್ ತೂರಿಸಿಕೊಳ್ಳಿ. ಒಂದೇ ದಿಕ್ಕಿಗೆ ಜಗ್ಗಬೇಡಿ, ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ. ಆಕ್ಸಲ್ ಪ್ಲೇಟಿನಲ್ಲಿ ಸರಾಗವಾಗಿ ಸುತ್ತುವವರೆಗೆ ಸುತ್ತಿಗೆ ಮುಟ್ಟಬೇಡಿ.

ಇನ್ನೊಬ್ಬರು (ಹರಿಹರ)

ಅಣ್ಣನವರು ಹೇಳಿದ್ದು ಸರಿಯಾಗಿದೆ, ಎರಡು ಮಾತು ಸೇರಿಸುತ್ತೇನೆ. ಕೆಲವರು ಸೀಮೆಎಣ್ಣೆ ಹಾಕಿ ಮೇಲೆ ಬೆಂಕಿ ಹಿಡಿಯುತ್ತಾರೆ, ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲಿಯೇ ಇರುವಾಗ ಅದು ಎಂದಿಗೂ ಕೂಡದು. ಆಕ್ಸಲ್ ಸಡಿಲವಾದ ಮೇಲೆ ಬಡಿಯುವಾಗ ನಟ್ಟನ್ನು ತುದಿಗೆ ಸಮನಾಗಿ ನಿಲ್ಲುವಂತೆ ತಿರುಗಿಸಿಕೊಂಡು, ಅದರ ಮೇಲೆ ಗಟ್ಟಿ ಮರದ ತುಂಡಿಟ್ಟು ಹೊಡೆಯಿರಿ, ಥ್ರೆಡ್ ಉಳಿಯುತ್ತದೆ. ಏನು ಮಾಡಿದರೂ ಬರದಿದ್ದರೆ ಸ್ವಿಂಗ್ ಆರ್ಮ್ ಮತ್ತು ಹಬ್ ನಡುವಿನ ಬುಷ್ (ಆಕ್ಸಲ್ ಹಾಯುವ ಲೋಹದ ಕೊಳವೆ) ಇರುವಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ಎರಡೂ ಬದಿ ಕತ್ತರಿಸಿ ಚಕ್ರ ಹೊರತೆಗೆದು, ಉಳಿದ ತುಂಡನ್ನು ಲೇತ್ ಅಂಗಡಿಯ ಪ್ರೆಸ್‌ನಲ್ಲಿ ಒತ್ತಿಸಬಹುದು. ಆಕ್ಸಲ್ ಮತ್ತು ಬುಷ್ ಹೋದರೂ ಹಬ್ ಉಳಿಯುತ್ತದೆ.

ಪ್ರಶ್ನೆ ಕೇಳಿದವರು

ಆಕ್ಸಲ್ ಹೊರಬಂದಿದೆ. ಬುಧವಾರ ಸಂಜೆ ಎರಡು ಬಾರಿ, ಗುರುವಾರ ಬೆಳಿಗ್ಗೆ ಒಂದು ಬಾರಿ ಬಿಸಿನೀರು ಹಾಕಿದೆ. ಮೂರನೆಯ ಸಲ ಪೈಪ್ ಹಿಡಿದು ಜಗ್ಗಿದಾಗ ಒಣಗಿದ ಕಡ್ಡಿ ಮುರಿದಂತೆ ‘ಟಕ್’ ಎಂದಿತು. ಏನೋ ಮುರಿಯಿತೆಂದು ಎದೆ ಝಲ್ಲೆಂದಿತು, ನೋಡಿದರೆ ಪ್ಲೇಟ್ ನಿಂತಿತ್ತು, ಆಕ್ಸಲ್ ಅದರೊಳಗೆ ಕಾಲು ಸುತ್ತು ತಿರುಗಿತ್ತು. ಮತ್ತಷ್ಟು ಎಣ್ಣೆ ಬಿಟ್ಟು ಹಿಂದೆ ಮುಂದೆ ಆಡಿಸುತ್ತಿದ್ದಂತೆ ಸಂದಿನಿಂದ ರಾಗಿ ಅಂಬಲಿಯ ಬಣ್ಣದ ರಾಡಿ ಹೊರಗೆ ಇಳಿಯತೊಡಗಿತು. ಅದು ನಿಂತ ಮೇಲೆ ಮರದ ತುಂಡಿಟ್ಟು ಎಂಟು ಪೆಟ್ಟು ಹಾಕಿದೆ, ಉಳಿದದ್ದನ್ನು ಕೈಯಿಂದಲೇ ಎಳೆದೆ.

ಆಕ್ಸಲನ್ನು ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಉರುಳಿಸಿದರೆ ನೇರವಾಗಿಯೇ ಇದೆ, ಆದರೆ ನಾನು ಮೊದಲು ಬಡಿದ ತುದಿಯಲ್ಲಿ ಎರಡು ಥ್ರೆಡ್ ಕೆಟ್ಟಿವೆ, ಪ್ಲೇಟ್ ಇದ್ದ ಜಾಗದಲ್ಲಿ ಗುಳಿ ಬಿದ್ದಿದೆ. ಉಪ್ಪುಕಾಗದದಿಂದ ಉಜ್ಜಿ ಅದನ್ನೇ ಹಾಕಬಹುದೇ? ಬೇರಿಂಗ್ ಬದಲಿಸಬೇಕೇ?

ಉತ್ತರ (ಚಿತ್ರದುರ್ಗ)

ಹೊಸ ಆಕ್ಸಲ್ ಮತ್ತು ಹೊಸ ನಟ್ ತನ್ನಿ. ಗುಳಿಬಿದ್ದ ಜಾಗದಲ್ಲಿ ನೀರು ನಿಂತು ಮತ್ತೆ ಅಲ್ಲಿಯೇ ಕಚ್ಚುತ್ತದೆ. ಬೇರಿಂಗ್‌ನ ಒಳಬಳೆಯೊಳಗೆ ಬೆರಳಿಟ್ಟು ತಿರುಗಿಸಿ ನೋಡಿ, ಮರಳು ಅರೆದಂತೆ ಒರಟಾಗಿದ್ದರೆ ಅಥವಾ ಒಂದೆಡೆ ತಡೆತಡೆದು ತಿರುಗಿದರೆ ಬದಲಿಸಿ. ಅದರ ಮೈಮೇಲೆಯೇ ನಂಬರ್ ಕೊರೆದಿರುತ್ತದೆ. 6301 ಆದರೆ ಒಳವ್ಯಾಸ 12 ಮಿ.ಮೀ., 6202 ಆದರೆ 15 ಮಿ.ಮೀ. ಎರಡೂ ಬದಿ ಸೀಲ್ ಇರುವುದನ್ನೇ ಕೇಳಿ ತನ್ನಿ, ನಿಮ್ಮ ಕೆಸರಿಗೆ ತೆರೆದ ಬೇರಿಂಗ್ ತಡೆಯುವುದಿಲ್ಲ.

ಪ್ಲೇಟಿನ ರಂಧ್ರವನ್ನು ಬಿಳಿ ಪುಡಿ ಹೋಗುವವರೆಗೆ ಮಾತ್ರ ಉಜ್ಜಿ, ಅಗಲ ಮಾಡಬೇಡಿ. ಡ್ರಮ್‌ನ ಧೂಳನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಆಕ್ಸಲ್ ಉದ್ದಕ್ಕೂ ಲಿಥಿಯಂ ಗ್ರೀಸನ್ನು ತೆಳುವಾಗಿ ಸವರಿ, ಥ್ರೆಡ್ ಇರುವ ಭಾಗ ಮಾತ್ರ ಒಣಗಿರಲಿ. ಚೈನ್ ಅಡ್ಜಸ್ಟರ್ ಗೀಟುಗಳು ಎರಡೂ ಬದಿ ಒಂದೇ ಆಗಿರುವಂತೆ ಕೂರಿಸಿ, ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಟಾರ್ಕ್ (ತಿರುಚುವ ಬಲ) ಕೊಟ್ಟು ನಟ್ ಬಿಗಿದು, ಹೊಸ ಕಾಟರ್ ಪಿನ್ ಹಾಕಿ. ಟಾರ್ಕ್ ಆರ್ಮ್ ಬೋಲ್ಟನ್ನು ಕೊನೆಯಲ್ಲಿ ಇನ್ನೊಮ್ಮೆ ನೋಡಿ, ಅದು ಕಳಚಿದರೆ ಬ್ರೇಕ್ ಹಾಕಿದ ಕೂಡಲೇ ಪ್ಲೇಟ್ ಸುತ್ತಿಕೊಂಡು ಚಕ್ರ ಹಿಡಿದುಬಿಡುತ್ತದೆ. ನಾಟಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಆಕ್ಸಲ್ ಹೊರತೆಗೆದು ಒರೆಸಿ ಗ್ರೀಸ್ ಹಚ್ಚಿದರೆ ಅರ್ಧ ಗಂಟೆಯ ಕೆಲಸ.

ಪ್ರಶ್ನೆ ಕೇಳಿದವರು

ಬೇರಿಂಗ್ 6301, ಚೈನ್ ಕಡೆಯದು ಒರಟಾಗಿತ್ತು, ಎರಡನ್ನೂ ಬದಲಿಸಿದೆ. ನಿನ್ನೆ ಸಂಜೆ ಹೊಸ ಆಕ್ಸಲ್ ಬೆರಳಿನಿಂದ ತಳ್ಳಿದಷ್ಟಕ್ಕೇ ಒಳಗೆ ಹೋಯಿತು. ಮನೆ ಮುಂದಿನ ರಸ್ತೆಯಲ್ಲಿ ನಿಧಾನವಾಗಿ ಹತ್ತು ಬಾರಿ ಬ್ರೇಕ್ ಹಾಕಿ ನೋಡಿ, ಪೆಡಲ್ ಅಡ್ಜಸ್ಟ್ ಮಾಡಿದೆ. ಇಂದು ಬೆಳಿಗ್ಗೆ ಅಪ್ಪಾಜಿ ಗದ್ದೆಗೆ ಬೈಕಿನಲ್ಲಿಯೇ ಹೋದರು. ಇಬ್ಬರಿಗೂ ಧನ್ಯವಾದಗಳು, ಅಣ್ಣ.