ಪದಚರ್ಚೆ: ವಸಡಿನ ಕಾಯಿಲೆಯ ಎರಡು ಹಂತಗಳಿಗೆ ಯಾವ ಪದಗಳು ಸೂಕ್ತ?

ಮಾನ್ಯರೇ,

ದಾವಣಗೆರೆ ಸುತ್ತಲಿನ ಹಳ್ಳಿಗಳ ದಂತ ತಪಾಸಣಾ ಶಿಬಿರಗಳಲ್ಲಿ ಹಂಚುವುದಕ್ಕೆಂದು ವಸಡಿನ ಕಾಯಿಲೆಯ ಬಗ್ಗೆ ಒಂದು ಕರಪತ್ರವನ್ನು ಸಿದ್ಧಪಡಿಸುತ್ತಿದ್ದು, ಕೆಲವು ಪದಗಳ ವಿಷಯದಲ್ಲಿ ಬಲ್ಲವರ ಅಭಿಪ್ರಾಯ ಬೇಕಾಗಿದೆ. ‘ವಸಡು’ ಸರಿಯೋ ‘ಒಸಡು’ ಸರಿಯೋ ಎಂಬುದು ನನ್ನ ಪ್ರಶ್ನೆಯಲ್ಲ, ಎರಡೂ ಬಳಕೆಯಲ್ಲಿವೆ. ತೊಡಕಿರುವುದು ಕಾಯಿಲೆಯ ಹೆಸರುಗಳಲ್ಲಿ.

ವೈದ್ಯರು ಜಿಂಜಿವೈಟಿಸ್ ಎನ್ನುವುದನ್ನೂ ಪೆರಿಯೊಡಾಂಟೈಟಿಸ್ ಎನ್ನುವುದನ್ನೂ ನಾವು ‘ವಸಡಿನ ರೋಗ’ ಎಂಬ ಒಂದೇ ಹೆಸರಿನಲ್ಲಿ ಮುಗಿಸಿಬಿಡುತ್ತೇವೆ. ಆದರೆ ಇವೆರಡರ ಅಂತರ ತಿಳಿಯದಿದ್ದರೆ ನಷ್ಟ ರೋಗಿಗೇ. ಮೊದಲನೆಯದರಲ್ಲಿ ವಸಡು ಮಾತ್ರ ಕೆಂಪಾಗಿ ಬಾತು, ಹಲ್ಲು ತಿಕ್ಕುವಾಗ ರಕ್ತ ಬರುತ್ತದೆ. ಹಲ್ಲಿನ ಬುಡವನ್ನು ಶುಚಿಯಾಗಿಟ್ಟುಕೊಂಡರೆ ಅದು ಪೂರ್ತಿ ವಾಸಿಯಾಗುತ್ತದೆ. 1965ರಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಸಿದ್ಧ ಪ್ರಯೋಗದಲ್ಲಿ, ಆರೋಗ್ಯವಾದ ವಸಡಿನವರು ಹಲ್ಲುಜ್ಜುವುದನ್ನು ನಿಲ್ಲಿಸಿದಾಗ ಎರಡು ಮೂರು ವಾರಗಳೊಳಗೆ ಎಲ್ಲರ ವಸಡಿಗೂ ಈ ತೊಂದರೆ ಬಂತು, ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಇಳಿಯಿತು. ಎರಡನೆಯದು ಹಾಗಲ್ಲ. ಅದರಲ್ಲಿ ಹಲ್ಲನ್ನು ಹಿಡಿದಿರುವ ನಾರು ಮತ್ತು ಎಲುಬು ಸವೆಯುತ್ತವೆ; ಆರೋಗ್ಯವಾಗಿದ್ದಾಗ 3 ಮಿಲಿಮೀಟರ್ ಮೀರದ, ವಸಡು ಮತ್ತು ಹಲ್ಲಿನ ನಡುವಣ ಸಂದು ಆಳವಾಗುತ್ತಾ ಹೋಗುತ್ತದೆ; ಕಡೆಗೆ ಹಲ್ಲು ಅಲುಗಾಡುತ್ತದೆ. ಚಿಕಿತ್ಸೆಯಿಂದ ಅದನ್ನು ಅಲ್ಲಿಗೇ ತಡೆಯಬಹುದಾದರೂ, ಹೋದ ಎಲುಬು ಸಾಮಾನ್ಯವಾಗಿ ಮರಳಿ ಬಾರದು.

ನಮ್ಮ ಹಿಂದಿನವರು ಈ ಭೇದವನ್ನು ಗಮನಿಸಿದ್ದರು. ಸುಶ್ರುತ ಸಂಹಿತೆಯಲ್ಲಿ ವಸಡಿನಿಂದ ರಕ್ತ ಒಸರಿ ದುರ್ವಾಸನೆ ಬರುವುದಕ್ಕೆ ‘ಶೀತಾದ’ ಎಂಬ ಹೆಸರಿದೆ. ವಸಡು ಪಕ್ವವಾಗಿ ಹಲ್ಲು ಅಲುಗಾಡುವುದಕ್ಕೆ ‘ಉಪಕುಶ’ ಎಂಬ ಬೇರೆಯೇ ಹೆಸರಿದೆ. ಇವುಗಳನ್ನು ಕರಪತ್ರದಲ್ಲಿ ಬಳಸಿದರೆ ಯಾರಿಗೂ ತಿಳಿಯದು. ಹಿರಿಯರಿಗೆ ಪರಿಚಿತವಾದ ‘ಪಯೋರಿಯಾ’ ಎಂಬ ಪದಕ್ಕೆ ಕೀವು ಸುರಿಯುವುದು ಎಂದೇ ಅರ್ಥವಾದ್ದರಿಂದ, ಕೀವು ಕಾಣಿಸುವ ತನಕ ಕಾಯಿಲೆಯೇ ಇಲ್ಲವೆಂಬ ಭಾವನೆ ಹುಟ್ಟುತ್ತದೆ.

‘ವಸಡಿನ ಉರಿಯೂತ’ ಎಂಬ ಪಠ್ಯಪುಸ್ತಕದ ಪದದಲ್ಲೂ ಇದೇ ದೋಷವಿದೆ. ಉರಿ ಮತ್ತು ಊತ ಸೇರಿ ಆದ ಪದ ವೈದ್ಯರಿಗೆ ಸರಿ. ಆದರೆ ಅದನ್ನು ಕೇಳಿದ ಹಳ್ಳಿಯ ಹೆಂಗಸು ‘ನಂಗೆ ಉರಿ ಏನೂ ಇಲ್ರೀ, ನೋವೂ ಇಲ್ಲ’ ಎಂದು ಎದ್ದುಹೋಗುತ್ತಾಳೆ. ಬಹುಕಾಲ ನೋವಿಲ್ಲದೆ ಬೆಳೆಯುವುದೇ ಈ ಕಾಯಿಲೆಯ ದೊಡ್ಡ ಅಪಾಯ. ಆದ್ದರಿಂದ ಮೊದಲ ಹಂತಕ್ಕೆ ‘ವಸಡುಬಾವು’ ಎಂದೂ, ಎರಡನೆಯದಕ್ಕೆ ‘ಹಲ್ಲುಬುಡದ ಸವೆತ’ ಎಂದೂ ಬರೆದು ನೋಡಿದ್ದೇನೆ. ‘ಬಾವು’ ಎಂದರೆ ಕೀವು ತುಂಬಿದ ಗಡ್ಡೆ ಎಂದು ಯಾರಾದರೂ ತಿಳಿದಾರೇ ಎಂಬ ಅನುಮಾನ ನನಗಿದೆ. ಪೆರಿಯೊಡಾಂಟೈಟಿಸ್‌ಗೆ ಇರುವ ‘ಪರಿದಂತ ಉರಿಯೂತ’ ಎಂಬ ಪದವನ್ನು ನಾನು ಬಳಸಲಾರೆ.

ಇನ್ನು ‘ಪಾಚಿ’. ಪ್ಲಾಕ್ ಮತ್ತು ಟಾರ್ಟರ್ ಎರಡಕ್ಕೂ ನಮ್ಮಲ್ಲಿ ‘ಹಲ್ಲಿಗೆ ಪಾಚಿ ಕಟ್ಟಿದೆ’ ಎನ್ನುವುದುಂಟು. ಮೊದಲನೆಯದು ಸೂಕ್ಷ್ಮಾಣುಗಳ ಮೆತ್ತನೆಯ ಪದರ. ತಿಕ್ಕಿದ ಕೆಲವೇ ಗಂಟೆಗಳಲ್ಲಿ ಮತ್ತೆ ಕಟ್ಟತೊಡಗುತ್ತದೆ, ಬ್ರಷ್‌ಗೆ ಬಿಡುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಎಂಜಲಿನಲ್ಲಿರುವ ಸುಣ್ಣದ ಲವಣಗಳು ಸೇರಿ ಗಟ್ಟಿಯಾಗುತ್ತದೆ; ಆಮೇಲೆ ಉಪ್ಪು, ಇದ್ದಿಲು, ಬೇವಿನ ಕಡ್ಡಿ ಯಾವುದಕ್ಕೂ ಅದು ಜಗ್ಗುವುದಿಲ್ಲ. ಗಟ್ಟಿಯಾದದ್ದಕ್ಕೆ ‘ಗಾರೆ’ ಎಂದರೆ ಚೆನ್ನಾಗಿ ಹೊಂದುತ್ತದೆ, ಸ್ಕೇಲಿಂಗ್, ಅಂದರೆ ದಂತವೈದ್ಯರು ಉಪಕರಣದಿಂದ ಅದನ್ನು ಕೆರೆದು ತೆಗೆಯುವುದು, ಏಕೆ ಬೇಕೆಂಬುದೂ ತಾನಾಗಿ ತಿಳಿಯುತ್ತದೆ. ಸ್ಕೇಲಿಂಗ್‌ಗೆ ‘ಹಲ್ಲು ಕ್ಲೀನ್ ಮಾಡಿಸುವುದು’ ಎನ್ನುವುದರಿಂದ ಅದು ಅಂದಕ್ಕೆ ಮಾಡಿಸುವ ಕೆಲಸವೆಂಬ ಅಭಿಪ್ರಾಯ ಬೇರೂರಿದೆ. ‘ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲಾಗುತ್ತವೆ’ ಎಂಬ ಭಯವೂ ವ್ಯಾಪಕವಾಗಿದೆ. ಎಲುಬು ಮೊದಲೇ ಸವೆದಿರುತ್ತದೆ, ಸಂದು ತುಂಬಿದ್ದ ಗಾರೆ ಹೋದಾಗ ಅದು ಅರಿವಿಗೆ ಬರುತ್ತದೆ, ಅಷ್ಟೇ. ‘ಗಾರೆ ತೆಗೆಸುವುದು’ ಎಂದು ಬರೆಯಬಹುದೇ?

ಅತಿ ಹೆಚ್ಚು ಎಚ್ಚರ ಬೇಕಾದದ್ದು ‘ಇಂದ’ ಎಂಬ ವಿಭಕ್ತಿ ಪ್ರತ್ಯಯದಲ್ಲಿ. ‘ವಸಡಿನ ಕಾಯಿಲೆಯಿಂದ ಹೃದಯಾಘಾತ’ ಎಂದು ಬರೆದರೆ ಕಾರಣವನ್ನೇ ಹೇಳಿದಂತಾಗುತ್ತದೆ. ಇವೆರಡೂ ಒಟ್ಟಿಗೆ ಕಾಣಿಸಿಕೊಳ್ಳುವುದು ಅಧ್ಯಯನಗಳಲ್ಲಿ ಕಂಡಿದೆಯಾದರೂ, ಒಂದರಿಂದಲೇ ಮತ್ತೊಂದು ಬರುತ್ತದೆಂಬುದು ಸಿದ್ಧವಾಗಿಲ್ಲವೆಂದು ಅಮೆರಿಕದ ಹೃದ್ರೋಗ ಸಂಘವು 2012ರಲ್ಲಿ ಸ್ಪಷ್ಟಪಡಿಸಿತು. ಅಲ್ಲಿ ‘ನಂಟು’ ಎಂಬ ಪದ ಸಾಕು. ಸಕ್ಕರೆ ಕಾಯಿಲೆಯ ಮಾತು ಬೇರೆ: ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ವಸಡು ಬೇಗ ಕೆಡುತ್ತದೆ, ವಸಡಿನ ಸೋಂಕಿದ್ದರೆ ಸಕ್ಕರೆಯನ್ನು ಹತೋಟಿಗೆ ತರುವುದೂ ಕಷ್ಟವಾಗುತ್ತದೆ. ಇಲ್ಲಿ ‘ಇಂದ’ವನ್ನು ಎರಡೂ ಕಡೆ ಧೈರ್ಯವಾಗಿ ಬಳಸಬಹುದು. ಬೀಡಿ, ಸಿಗರೇಟು ಸೇದುವವರಿಗೆ ವಸಡಿನಲ್ಲಿ ರಕ್ತ ಬರುವುದು ಕಡಿಮೆಯಾದ್ದರಿಂದ, ‘ರಕ್ತ ಬಂದರೆ ವೈದ್ಯರಿಗೆ ತೋರಿಸಿ’ ಎಂಬ ಒಂದೇ ವಾಕ್ಯ ಅವರನ್ನು ದಾರಿ ತಪ್ಪಿಸುತ್ತದೆ. ಅವರಿಗಾಗಿ ಪ್ರತ್ಯೇಕ ವಾಕ್ಯ ಸೇರಿಸಿದ್ದೇನೆ.

ಕೊನೆಯದಾಗಿ ಒಂದು ಕ್ರಿಯಾಪದ. ನಮ್ಮ ಕಡೆಯ ‘ಹಲ್ಲು ತಿಕ್ಕು’ ಎಂಬ ಮಾತಿಗೆ ಪಾತ್ರೆ ತಿಕ್ಕಿದ ಹಾಗೆ ಬಲವಾಗಿ ಉಜ್ಜುವ ಅರ್ಥ ಅಂಟಿಕೊಂಡಿದೆ. ಬೇಕಾಗಿರುವುದು, ಮೆತ್ತನೆಯ ಬ್ರಷ್ಷನ್ನು ವಸಡಿನ ಅಂಚಿಗೆ ಸುಮಾರು 45 ಡಿಗ್ರಿ ಓರೆಯಾಗಿ ಇಟ್ಟು, ಹಗುರವಾಗಿ ಆಡಿಸಿ, ದಿನಕ್ಕೆ ಎರಡು ಬಾರಿ ಬುಡ ಶುಚಿಮಾಡುವುದು. ಹಲ್ಲುಗಳ ನಡುವಿಗೆ ದಾರವನ್ನೋ ಸಣ್ಣ ಬ್ರಷ್ಷನ್ನೋ ಬಳಸುವುದು. ಒರಟಾಗಿ ತಿಕ್ಕಿದರೆ ವಸಡು ಕೆಳಸರಿದು ಬೇರು ಕಾಣುತ್ತದೆ. ‘ಸವರು’ ಎಂದರೆ ತೀರಾ ಮೃದುವಾಯಿತೆನಿಸುತ್ತದೆ. ಇದಕ್ಕೆ ತಕ್ಕ ಕ್ರಿಯಾಪದ ನಿಮ್ಮ ಊರಿನಲ್ಲಿ ಇದೆಯೇ? ಹಾಗೆಯೇ, ತೆಲುಗರು ವಸಡಿಗೆ ‘ಚಿಗುಳ್ಳು’ ಎನ್ನುತ್ತಾರೆ. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಕನ್ನಡದಲ್ಲೂ ಆ ಪದ ಸೇರಿಕೊಂಡಿದೆಯೇ ಎಂಬುದನ್ನು ಅಲ್ಲಿಯವರು ತಿಳಿಸಿದರೆ, ಚಿತ್ರದುರ್ಗ ಜಿಲ್ಲೆಗೆ ಕಳುಹಿಸುವ ಪ್ರತಿಗಳಲ್ಲಿ ಅದನ್ನೂ ಸೇರಿಸುತ್ತೇನೆ.